ಬಿಯರಿನಲ್ಲಿ ಹಾಪ್ಸ್ ಮೀರಿದಾಗ

ಬಿಯರಿನ ಕಹಿಗೆ ಮೂಲ ಹಾಪ್ಸ್. ಅದು ಹ್ಯೂಮ್ಯುಲಸ್ ಲೂಪುಲಸ್ ಎಂಬ ಬಳ್ಳಿಯ ಹೆಣ್ಣು ಗಿಡದಲ್ಲಿ ಬಿಡುವ ಹೂ. ಹಸಿರು ಎಸಳುಗಳು ಒಂದರ ಮೇಲೊಂದು ಹೊದ್ದುಕೊಂಡಿರುತ್ತವೆ. ಅವುಗಳ ಬುಡದಲ್ಲಿ ಬೆರಳಿಗೆ ಅಂಟುವ ಹಳದಿ ಪುಡಿ ಇರುತ್ತದೆ. ಲೂಪುಲಿನ್ ಎಂಬ ಈ ಪುಡಿಯಲ್ಲೇ ಹಾಪ್ಸ್‌ನ ಸತ್ವವೆಲ್ಲ ಅಡಗಿದೆ. ಗಿಡ ಗಾಂಜಾದ ಕುಟುಂಬಕ್ಕೇ ಸೇರಿದ್ದರೂ ಅದರ ಅಮಲು ಇದರಲ್ಲಿಲ್ಲ. ಬೆಳೆ ಚೆನ್ನಾಗಿ ಬರಬೇಕಾದರೆ ಬೇಸಿಗೆಯಲ್ಲಿ ಹಗಲು ಬಹಳ ಉದ್ದವಿರಬೇಕು, ಚಳಿಗಾಲದಲ್ಲಿ ನೆಲ ತಣ್ಣಗಿರಬೇಕು. ಆದ್ದರಿಂದ ಮೈಸೂರು ಸೀಮೆಯಲ್ಲಿ ಇದರ ಬೇಸಾಯವಿಲ್ಲ. ಭಾರತದಲ್ಲಿ ಬೆಳೆ ಇರುವುದು ಹಿಮಾಚಲ ಪ್ರದೇಶದ ಲಾಹೌಲ್ ಕಣಿವೆಯಂಥ ಕೆಲವೇ ಕಡೆ. ಬೆಂಗಳೂರಿನ ಬ್ರೂವರಿಗಳಿಗೆ ಬೇಕಾದ ಹಾಪ್ಸ್ ಬಹುಪಾಲು ಅಮೆರಿಕ, ಜರ್ಮನಿಗಳಿಂದ ಗುಳಿಗೆಯಂತೆ ಒತ್ತಿದ ಪೆಲೆಟ್ ರೂಪದಲ್ಲಿ ಬರುತ್ತದೆ.

ಹಾಪ್ಸ್ ಹಾಕುವುದು ರುಚಿಗೆ ಮಾತ್ರವಲ್ಲ. ಈಚಲು ಮರದಿಂದ ಬೆಳಿಗ್ಗೆ ಇಳಿಸಿದ ಹೆಂಡ ಸಂಜೆಯ ಹೊತ್ತಿಗೆ ಹುಳಿಯಾಗುವುದು ಹಳೇ ಮೈಸೂರಿನ ಹಳ್ಳಿಗಳಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ. ಅದನ್ನು ಹುಳಿ ಮಾಡುವ ಬ್ಯಾಕ್ಟೀರಿಯಾಗಳನ್ನು ತಡೆಯುವಂಥದ್ದು ಹೆಂಡದಲ್ಲಿ ಏನೂ ಇಲ್ಲ. ಬಿಯರಿನಲ್ಲಿ ಆ ಕಾವಲು ಹಾಪ್ಸ್‌ನದು. ಹದಿನೆಂಟನೇ ಶತಮಾನದ ಕೊನೆಯ ಹೊತ್ತಿಗೆ ಲಂಡನ್ನಿನ ಬೋ ಎಂಬಲ್ಲಿದ್ದ ಹಾಡ್ಜ್‌ಸನ್ ಬ್ರೂವರಿ ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳಲ್ಲಿ ಭಾರತಕ್ಕೆ ಬಿಯರ್ ಕಳುಹಿಸುತ್ತಿತ್ತು. ತಿಂಗಳುಗಟ್ಟಲೆ ಸಮುದ್ರದ ಬಿಸಿಲು ಸೆಕೆಗಳಲ್ಲಿ ಕೆಡದಿರಲೆಂದು ಅದರಲ್ಲಿ ಹಾಪ್ಸ್ ಧಾರಾಳವಾಗಿರುತ್ತಿತ್ತು. 1820ರ ದಶಕದಲ್ಲಿ ಬರ್ಟನ್ ಪಟ್ಟಣದ ಬ್ರೂವರಿಗಳು ಇದೇ ವ್ಯಾಪಾರಕ್ಕೆ ಇಳಿದವು. ಇಂಡಿಯಾ ಪೇಲ್ ಏಲ್, ಅಂದರೆ ಐಪಿಎ, ಬೆಳೆದು ಬಂದದ್ದು ಹೀಗೆ. ಪೀಪಾಯಿಗೆ ತುಂಬುವಾಗ ಬಾಯಿಗಿಡಲಾಗದಷ್ಟು ಕಹಿಯಾಗಿದ್ದ ಆ ಬಿಯರ್, ಮದ್ರಾಸು ಕಲ್ಕತ್ತೆಗಳನ್ನು ಮುಟ್ಟುವಷ್ಟರಲ್ಲಿ ಹದಕ್ಕೆ ಬಂದಿರುತ್ತಿತ್ತು. ಕಹಿ ಮೀರಿದ ಬಿಯರಿಗೆ ಕಾಲವೇ ಮೊದಲ ಮದ್ದು ಎಂಬುದಕ್ಕೆ ಇದಕ್ಕಿಂತ ಹಳೆಯ ಪುರಾವೆ ಬೇಕಿಲ್ಲ.

ಕಾನೂನಿನ ಮಾತನ್ನು ಮೊದಲೇ ಹೇಳಿಬಿಡಬೇಕು. ಕರ್ನಾಟಕ ಅಬಕಾರಿ ಕಾಯ್ದೆ, 1965ರ ಪ್ರಕಾರ ಪರವಾನಗಿ ಇಲ್ಲದೆ ಬಿಯರ್ ತಯಾರಿಸುವಂತಿಲ್ಲ. ಸ್ವಂತಕ್ಕೆ ಮಾಡಿಕೊಂಡದ್ದು ಎಂದರೂ ನಡೆಯದು. ಹುಣಸೂರಿನಲ್ಲೋ ಪಿರಿಯಾಪಟ್ಟಣದಲ್ಲೋ ಮನೆಯ ಹಿತ್ತಿಲಲ್ಲಿ ಬಿಯರ್ ಮಾಡುವುದು ಅಪರಾಧವೇ. ರಾಜ್ಯದಲ್ಲಿ ಸಣ್ಣ ಪ್ರಮಾಣದ ಬಿಯರ್ ತಯಾರಿಕೆಗೆ ಸಿಕ್ಕ ದಾರಿಯೆಂದರೆ ಮೈಕ್ರೋಬ್ರೂವರಿ ಪರವಾನಗಿ. 2010ರ ಈಚೆಗೆ ಬೆಂಗಳೂರಿನಲ್ಲಿ ಟಾಯ್ಟ್, ಬಿಯರ್ ಕ್ಲಬ್, ಆರ್ಬರ್, ವಿಂಡ್‌ಮಿಲ್ಸ್ ಮೊದಲಾದವು ತೆರೆದದ್ದು ಈ ದಾರಿಯಲ್ಲಿ. ಆರ್ಬರ್‌ನವರು ರೇಜಿಂಗ್ ಎಲಿಫೆಂಟ್ ಎಂಬ ಹೆಸರಿನಲ್ಲಿ ಅಮೆರಿಕನ್ ಮಾದರಿಯ ಐಪಿಎಯನ್ನು ಬೆಂಗಳೂರಿನ ನಾಲಿಗೆಗೆ ಪರಿಚಯಿಸಿದರು. ಮನೆಯಲ್ಲೇ ಬಿಯರ್ ಮಾಡುವ ಹವ್ಯಾಸ ಕಾನೂನುಬದ್ಧವಾಗಿರುವುದು ಹೊರದೇಶಗಳಲ್ಲಿ: ಬ್ರಿಟನ್ 1963ರಲ್ಲಿ ಅದಕ್ಕೆ ಪರವಾನಗಿ ಬೇಕೆಂಬ ನಿಯಮವನ್ನು ತೆಗೆದುಹಾಕಿತು. ಅಮೆರಿಕದಲ್ಲಿ 1978ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾಯ್ದೆ, ಇಬ್ಬರು ವಯಸ್ಕರಿರುವ ಮನೆಗೆ ವರ್ಷಕ್ಕೆ 200 ಗ್ಯಾಲನ್ ವರೆಗೆ ಅವಕಾಶ ಕೊಟ್ಟಿತು. ಮಾರುವಂತಿಲ್ಲ ಎಂಬ ಷರತ್ತು ಮಾತ್ರ ಉಂಟು. ಮೈಸೂರು ಜಿಲ್ಲೆಯ ತಾಲ್ಲೂಕುಗಳಿಂದ ಓದಿ, ಕೆಲಸಕ್ಕೆಂದು ಅಲ್ಲಿಗೆ ಹೋಗಿ ನೆಲೆಸಿದವರ ಮನೆಗಳ ಗ್ಯಾರೇಜಿನಲ್ಲಿ 20 ಲೀಟರಿನ ಬಿಯರ್ ಡಬ್ಬಿ ಕಾಣುವುದು ಈಗ ಅಪರೂಪವಲ್ಲ. ಮುಂದಿನ ವಿವರಣೆ ಅಂಥ ಕಾನೂನುಬದ್ಧ ತಯಾರಿಕೆಗೆ ಸಂಬಂಧಿಸಿದ್ದು.

ಹಾಪ್ಸ್ ಹೆಚ್ಚಾಗುವುದು ಹೇಗೆ ಎಂಬುದು ತಿಳಿಯಬೇಕಾದರೆ ಕುದಿಯ ಹಂತವನ್ನು ನೋಡಬೇಕು. ಮೊಳಕೆ ಕಟ್ಟಿ ಒಣಗಿಸಿದ ಬಾರ್ಲಿಯನ್ನು, ಅಂದರೆ ಮಾಲ್ಟನ್ನು, ಬಿಸಿನೀರಿನಲ್ಲಿ ನೆನೆಸಿ ಬಸಿದರೆ ಸಿಹಿಯಾದ ರಸ ಸಿಗುತ್ತದೆ. ವರ್ಟ್ ಎಂದು ಅದಕ್ಕೆ ಹೆಸರು. ಅದನ್ನು ಕುದಿಸುವಾಗ ಹಾಪ್ಸ್ ಬೀಳುತ್ತದೆ. ಲೂಪುಲಿನ್‌ನಲ್ಲಿರುವ ಆಲ್ಫಾ ಆಮ್ಲಗಳು ತಣ್ಣಗಿನ ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ, ಅಷ್ಟೊಂದು ಕಹಿಯೂ ಅಲ್ಲ. ಕುದಿಯ ಶಾಖಕ್ಕೆ ಅವುಗಳ ಅಣುರಚನೆ ಬದಲಾಗಿ ಐಸೋ ಆಲ್ಫಾ ಆಮ್ಲಗಳಾಗುತ್ತವೆ. ಬಿಯರಿನ ಕಹಿ ಎಂದರೆ ಮುಖ್ಯವಾಗಿ ಇವೇ. ಒಂದು ಲೀಟರಿನಲ್ಲಿ ಸುಮಾರು ಒಂದು ಮಿಲಿಗ್ರಾಂ ಇದ್ದರೆ ಒಂದು ಐಬಿಯು ಎಂದು ಲೆಕ್ಕ. ಗೋಧಿ ಬಿಯರಿನಲ್ಲಿ 8ರಿಂದ 15 ಐಬಿಯು, ಜರ್ಮನ್ ಪಿಲ್ಸ್‌ನಲ್ಲಿ 22ರಿಂದ 40, ಅಮೆರಿಕನ್ ಐಪಿಎಯಲ್ಲಿ 40ರಿಂದ 70 ಇರುತ್ತದೆ. ಪರಿಮಳದ ಎಣ್ಣೆಗಳ ಕಥೆ ಬೇರೆ: ಮಿರ್ಸೀನ್, ಲಿನಲೂಲ್, ಜೆರೇನಿಯಾಲ್ ಮೊದಲಾದವು ಕುದಿಯಲ್ಲಿ ಹಬೆಯೊಂದಿಗೆ ಹಾರಿಹೋಗುತ್ತವೆ. ಅದಕ್ಕೇ ಕಹಿಗೆ ಬೇಕಾದ ಹಾಪ್ಸನ್ನು ಕುದಿಯ ಆರಂಭದಲ್ಲಿ, ಪರಿಮಳಕ್ಕೆ ಬೇಕಾದುದನ್ನು ಕೊನೆಯಲ್ಲಿ ಅಥವಾ ಬಿಯರ್ ಹುದುಗಿದ ಮೇಲೆ ಹಾಕುವ ರೂಢಿ.

ಎಡವಟ್ಟಾಗುವುದು ಬಹುತೇಕ ತೂಕದ ಲೆಕ್ಕದಲ್ಲಿ. ಹಾಪ್ಸನ್ನು ಗ್ರಾಂ ಲೆಕ್ಕದಲ್ಲಿ ತೂಗುತ್ತಾರೆ. ಆದರೆ ಕಹಿ ನಿರ್ಧಾರವಾಗುವುದು ಆ ಗ್ರಾಮಿನೊಳಗೆ ಆಲ್ಫಾ ಆಮ್ಲ ಶೇಕಡಾ ಎಷ್ಟಿದೆ ಎಂಬುದರಿಂದ. ಸಾಧಾರಣ ಗಾಢತೆಯ ವರ್ಟಿನಲ್ಲಿ 60 ನಿಮಿಷ ಕುದಿಸಿದರೆ ಆಲ್ಫಾದ ಸುಮಾರು ಶೇ. 23ರಷ್ಟು ಬಿಯರಿಗೆ ಸೇರುತ್ತದೆ ಎಂದು ಹಿಡಿಯಬಹುದು. ಚೆಕ್ ದೇಶದ ಸಾಟ್ಸ್ ತಳಿಯಲ್ಲಿ ಆಲ್ಫಾ ಶೇ. 3.5 ಇದ್ದಾಗ 20 ಲೀಟರಿಗೆ 60 ಗ್ರಾಂ ಹಾಕಿದರೆ ಬರುವ ಕಹಿ ಸುಮಾರು 24 ಐಬಿಯು. ಹಿತವಾದ ಪಿಲ್ಸ್‌ನರ್ ಅದು. ಅಂಗಡಿಯಲ್ಲಿ ಸಾಟ್ಸ್ ಸಿಗಲಿಲ್ಲವೆಂದು ಶೇ. 12 ಆಲ್ಫಾ ಇರುವ ಸಿಟ್ರಾ ತಳಿಯನ್ನು ಅಷ್ಟೇ 60 ಗ್ರಾಂ ಹಾಕಿದರೆ ಕಹಿ 83ಕ್ಕೆ ಜಿಗಿಯುತ್ತದೆ. ತೂಕದಲ್ಲಿ ಒಂದು ಗ್ರಾಮೂ ವ್ಯತ್ಯಾಸವಾಗಿಲ್ಲ, ಬಿಯರ್ ಮಾತ್ರ ಕುಡಿಯುವಂತಿಲ್ಲ. ಒಂದೇ ತಳಿಯಲ್ಲೂ ಮಳೆ ಬಿಸಿಲು ನೋಡಿಕೊಂಡು ವರ್ಷದಿಂದ ವರ್ಷಕ್ಕೆ ಆಲ್ಫಾ ಏರಿಳಿಯುತ್ತದೆ. ಕಳೆದ ಸಲದ ಪೊಟ್ಟಣದಲ್ಲಿ ಶೇ. 10 ಇದ್ದು ಈ ಸಲ ಶೇ. 13 ಇದ್ದರೆ, ಅದೇ 30 ಗ್ರಾಂ 35 ಐಬಿಯು ಬದಲು 45 ಕೊಡುತ್ತದೆ. ಪೊಟ್ಟಣದ ಮೇಲಿನ ಆ ಒಂದು ಸಂಖ್ಯೆಯನ್ನು ಓದದೆ ಪಾತ್ರೆಗೆ ಸುರಿಯುವುದೇ ಅತಿಕಹಿಯ ಅತಿ ಸಾಮಾನ್ಯ ಕಾರಣ.

ಇನ್ನೊಂದು ಕಾರಣ ಕಣ್ಣಿಗೆ ಕಾಣುವುದಿಲ್ಲ. ಒಲೆ ಆರಿಸಿದ ಮೇಲೆ ಹಾಕಿದ ಹಾಪ್ಸ್ ಬರೀ ಪರಿಮಳ ಕೊಡುತ್ತದೆ ಎಂದು ನಂಬುವವರಿದ್ದಾರೆ. ಅದು ಸರಿಯಲ್ಲ. ವರ್ಟಿನ ಬಿಸಿ 80 ಡಿಗ್ರಿಗಿಂತ ಮೇಲಿರುವಷ್ಟು ಹೊತ್ತೂ ಆಲ್ಫಾ ಆಮ್ಲ ಕಹಿಯಾಗಿ ಬದಲಾಗುತ್ತಲೇ ಇರುತ್ತದೆ, ವೇಗ ಕಡಿಮೆ ಅಷ್ಟೇ. ದೊಡ್ಡ ಪಾತ್ರೆ ತಾನಾಗಿ ಆರಲಿ ಎಂದು ಮುಚ್ಚಿಟ್ಟರೆ ಮುಕ್ಕಾಲು ಗಂಟೆಯಾದರೂ ಆ ಬಿಸಿ ಇಳಿಯದಿರಬಹುದು. ಕೊನೆಗೆ ಹಾಕಿದ ನೂರು ಗ್ರಾಂ ಹಾಪ್ಸ್ ಅಷ್ಟು ಹೊತ್ತೂ ಕಹಿ ಬಿಡುತ್ತದೆ. ತಾಮ್ರದ ಸುರುಳಿಯಲ್ಲಿ ತಣ್ಣೀರು ಹರಿಸಿ ವರ್ಟನ್ನು ಬೇಗ 75 ಡಿಗ್ರಿಗೆ ಇಳಿಸಿ, ಆಮೇಲೆ ಹಾಪ್ಸ್ ಹಾಕಿದರೆ ಪರಿಮಳ ಉಳಿಯುತ್ತದೆ, ಕಹಿ ಏರುವುದಿಲ್ಲ.

ಬಿಯರ್ ಕೆಟ್ಟಿದೆ ಎಂದು ಗೊತ್ತಾದಾಗ ತಕ್ಷಣ ಏನನ್ನಾದರೂ ಬೆರೆಸಲು ಹೋಗುವುದಕ್ಕಿಂತ, ಮೀರಿರುವುದು ಯಾವುದು ಎಂದು ನಾಲಿಗೆಯಿಂದ ಪತ್ತೆ ಮಾಡುವುದು ಮುಖ್ಯ. ಹಾಪ್ಸ್‌ನ ಅತಿ ಎಂಬುದು ಒಂದೇ ಬಗೆಯದಲ್ಲ, ಪರಿಹಾರಗಳೂ ಬೇರೆ ಬೇರೆ. ನುಂಗಿದ ಮೇಲೆ ನಾಲಿಗೆಯ ಹಿಂಭಾಗದಲ್ಲಿ ಕಹಿ ಬಹಳ ಹೊತ್ತು ನಿಂತರೆ ಅದು ಐಸೋ ಆಲ್ಫಾದ ಕೆಲಸ. ಅಡಿಕೆ ಚೊಗರು ತಾಗಿದಂತೆ ಒಸಡು ಕೆನ್ನೆಗಳು ಒಣಗಿ ಹಿಡಿದುಕೊಂಡರೆ ಅದು ಒಗರು. ಹಾಪ್ಸ್‌ನ ಎಸಳಿನಿಂದಲೋ ಬಾರ್ಲಿಯ ಹೊಟ್ಟಿನಿಂದಲೋ ಇಳಿದ ಪಾಲಿಫಿನಾಲ್‌ಗಳು ಕಾರಣ. ಗಂಟಲಿನಲ್ಲಿ ಖಾರ ತಿಂದಂತೆ ಉರಿ ಬಂದರೆ, ಪೆಲೆಟ್ಟಿನ ಸಣ್ಣ ಪುಡಿ ಇನ್ನೂ ಬಿಯರಿನಲ್ಲಿ ತೇಲುತ್ತಿದೆ ಎಂದರ್ಥ. ಹುಲ್ಲು ಕೊಯ್ದಾಗಿನ ಹಸಿ ವಾಸನೆ, ಕುದಿಸಿ ಬಿಟ್ಟ ಚಹಾ ಸೊಪ್ಪಿನ ವಾಸನೆ ಬಂದರೆ, ಹುದುಗಿದ ಬಿಯರಿನಲ್ಲಿ ಹಾಪ್ಸ್ ಬೇಕಾದ್ದಕ್ಕಿಂತ ಹೆಚ್ಚು ದಿನ ನೆನೆದಿದೆ. ಹೀಗೆ ಹುದುಗಿದ ಮೇಲೆ ಹಾಪ್ಸ್ ಹಾಕಿ ನೆನೆಸುವುದಕ್ಕೆ ಡ್ರೈ ಹಾಪಿಂಗ್ ಎನ್ನುತ್ತಾರೆ.

ಹಾಪ್ಸ್‌ನ ಹೆಸರಿನಲ್ಲಿ ಬರುವ ಇನ್ನೆರಡು ದೋಷಗಳುಂಟು, ಅವು ಅತಿಯಿಂದ ಆದವಲ್ಲ. ಬಿಸಿಲಿಗೆ ಇಟ್ಟ ಬಿಯರ್ ಕಾಡುಬೆಕ್ಕಿನಂಥ ಗಬ್ಬು ವಾಸನೆ ಹೊಡೆಯುತ್ತದೆ. ಬೆಳಕಿಗೆ ಐಸೋ ಆಲ್ಫಾ ಆಮ್ಲ ಒಡೆದು ಗಂಧಕವಿರುವ ಒಂದು ಸಂಯುಕ್ತವಾಗುವುದೇ ಕಾರಣ. ಬಿಯರ್ ಬಾಟಲಿ ಕಂದು ಬಣ್ಣದ್ದಾಗಿರುವುದು ಅದಕ್ಕೇ. ಹಳೆಯ ಹಾಪ್ಸ್ ಹಾಕಿದರೆ ಬೆವರಿನ ಕಾಲುಚೀಲದ, ಕಮಟು ಗಿಣ್ಣಿನ ವಾಸನೆ ಬರುತ್ತದೆ. ಇವೆರಡಕ್ಕೂ ಮದ್ದಿಲ್ಲ. ಅಂಥ ಬಿಯರನ್ನು ಉಳಿಸಿಕೊಳ್ಳಲು ಒದ್ದಾಡುವುದು ವ್ಯರ್ಥ.

ಕೆಲವೊಮ್ಮೆ ಹಾಪ್ಸ್‌ನ ಲೆಕ್ಕ ಸರಿಯಾಗಿಯೇ ಇರುತ್ತದೆ, ಕಹಿ ಮಾತ್ರ ಒರಟಾಗಿರುತ್ತದೆ. ಆಗ ನೀರನ್ನು ಅನುಮಾನಿಸಬೇಕು. ಹುಣಸೂರು, ಎಚ್.ಡಿ. ಕೋಟೆ ಕಡೆಯ ಕೊಳವೆಬಾವಿ ನೀರನ್ನು ಕುದಿಸಿದ ಪಾತ್ರೆಯ ತಳದಲ್ಲಿ ಬಿಳಿ ಕರೆ ಕಟ್ಟುವುದನ್ನು ಎಲ್ಲರೂ ನೋಡಿರುತ್ತಾರೆ. ಬೈಕಾರ್ಬೊನೇಟ್ ಹೆಚ್ಚಿರುವ ಗಡಸು ನೀರಿನ ಗುರುತು ಅದು. ಅಂಥ ನೀರು ವರ್ಟಿನ ಆಮ್ಲೀಯತೆಯನ್ನು ತಗ್ಗಿಸಿ ಪಿಎಚ್ ಏರಿಸುತ್ತದೆ. ಪಿಎಚ್ ಏರಿದಷ್ಟೂ ಹಾಪ್ಸ್ ಹೆಚ್ಚು ಕಹಿ ಬಿಡುತ್ತದೆ, ಹೊಟ್ಟಿನ ಒಗರೂ ಹೆಚ್ಚು ಇಳಿಯುತ್ತದೆ. ಬಾರ್ಲಿ ನೆನೆಸುವಾಗ ಪಿಎಚ್ 5.2ರಿಂದ 5.6ರೊಳಗೆ ಇರುವುದು ಒಳ್ಳೆಯದು. ನೀರಿನಲ್ಲಿ ಸಲ್ಫೇಟ್ ಹೆಚ್ಚಿದ್ದರೆ ಕಹಿ ಚುರುಕಾಗಿ, ಒಣಗಿದಂತೆ ತಾಗುತ್ತದೆ. ಬರ್ಟನ್ನಿನ ಜಿಪ್ಸಮ್ ನೀರು ಐಪಿಎಗೆ ಹೆಸರಾದದ್ದು ಈ ಗುಣದಿಂದ. ಕ್ಲೋರೈಡ್ ಹೆಚ್ಚಿದ್ದರೆ ಬಾಯಿಗೆ ದುಂಡಗೆ, ಮೃದುವಾಗಿ ಅನ್ನಿಸುತ್ತದೆ. ಪಿಲ್ಸೆನ್ ಊರಿನ ನೀರಿನಲ್ಲಿ ಲವಣಗಳೇ ಕಡಿಮೆ, ಅಲ್ಲಿಯ ಕಹಿ ಅದಕ್ಕೇ ಅಷ್ಟು ನಯ. ಗಡಸು ನೀರನ್ನು ಹಿಂದಿನ ದಿನವೇ ಕುದಿಸಿ, ಆರಿಸಿ, ಮೇಲಿನ ತಿಳಿಯನ್ನಷ್ಟೇ ಬಗ್ಗಿಸಿಕೊಂಡರೆ ಬೈಕಾರ್ಬೊನೇಟ್ ಬಹಳಷ್ಟು ಇಳಿಯುತ್ತದೆ. ಹಳ್ಳಿಗಳ ಶುದ್ಧ ಕುಡಿಯುವ ನೀರಿನ ಘಟಕದಲ್ಲಿರುವಂಥ ಆರ್‌ಒ ಯಂತ್ರದ ನೀರಿನಲ್ಲಿ ಲವಣವೇ ಹೆಚ್ಚುಕಡಿಮೆ ಇರುವುದಿಲ್ಲವಾದ್ದರಿಂದ, ಅದಕ್ಕೆ ಸ್ವಲ್ಪ ಕ್ಯಾಲ್ಸಿಯಂ ಕ್ಲೋರೈಡ್ ಸೇರಿಸಿ ಬಳಸಬೇಕಾಗುತ್ತದೆ.

ಈಗಾಗಲೇ ಕಹಿಯಾಗಿಬಿಟ್ಟ ಬಿಯರಿಗೆ ಮಾಡಬೇಕಾದ ಮೊದಲ ಕೆಲಸ ಕಾಯುವುದು. ಹುದುಗು ಮುಗಿದ ವಾರದಲ್ಲಿ ರುಚಿ ನೋಡಿ ತೀರ್ಮಾನಕ್ಕೆ ಬರಬಾರದು. ಆಗ ಅದರಲ್ಲಿ ಹುದುಗಿಸಿದ ಯೀಸ್ಟೂ ಹಾಪ್ಸ್ ಪುಡಿಯೂ ತೇಲುತ್ತಿರುತ್ತವೆ. ಯೀಸ್ಟಿನ ಮೈಗೆ ಕಹಿ ಆಮ್ಲಗಳು ಅಂಟಿಕೊಂಡಿರುತ್ತವೆ. ಗಂಟಲುರಿಗೂ ಹಸಿ ವಾಸನೆಗೂ ಎರಡು ಮೂರು ವಾರದ ತಂಪೇ ಸಾಕಾಗುತ್ತದೆ. ನಿಜವಾದ ಕಹಿ ಇಳಿಯಲು ತಿಂಗಳುಗಳು ಬೇಕು. ಐಸೋ ಆಲ್ಫಾ ಆಮ್ಲಗಳಲ್ಲಿ ಎರಡು ಬಗೆ. ಟ್ರಾನ್ಸ್ ಬಗೆಯವು ಬೇಗ ಒಡೆಯುತ್ತವೆ, ಸಿಸ್ ಬಗೆಯವು ನಿಧಾನ. ಬೆಚ್ಚಗಿಟ್ಟರೆ ಎರಡೂ ಬೇಗ ಇಳಿಯುತ್ತವೆ ನಿಜ, ಆದರೆ ಆಮ್ಲಜನಕ ಸೇರಿ ಬಿಯರ್ ಒದ್ದೆ ರಟ್ಟಿನಂತೆ ಮುಗ್ಗುತ್ತದೆ. ಕಹಿಗಿಂತ ಮೊದಲು ಪರಿಮಳ ಹೋಗುತ್ತದೆ ಎಂಬುದನ್ನೂ ಮರೆಯುವಂತಿಲ್ಲ. ಹಣ್ಣಿನ ಘಮಕ್ಕೆಂದೇ ಮಾಡಿದ ಐಪಿಎಯನ್ನು ಆರು ತಿಂಗಳಿಟ್ಟರೆ ಕಹಿ ತಗ್ಗಿರುತ್ತದೆ, ಘಮವೂ ಉಳಿದಿರುವುದಿಲ್ಲ. ಮದ್ಯಾಂಶ ಹೆಚ್ಚಿರುವ, ಹುರಿದ ಮಾಲ್ಟಿನ ಕಪ್ಪು ಬಿಯರುಗಳಿಗೆ ಕಾಯುವುದು ಒಪ್ಪುತ್ತದೆ. ತಿಳಿಯಾದ ಲಘು ಬಿಯರುಗಳಿಗೆ ಹೊಂದುವುದಿಲ್ಲ.

ಒಗರಿಗೂ ಗಂಟಲುರಿಗೂ ತಂಪಿನ ಜೊತೆ ತಿಳಿಗೊಳಿಸುವ ಪದಾರ್ಥಗಳು ನೆರವಾಗುತ್ತವೆ. ಬಿಯರನ್ನು 0ರಿಂದ 2 ಡಿಗ್ರಿಯಲ್ಲಿ ಎರಡು ಮೂರು ದಿನ ಇಟ್ಟು, 20 ಲೀಟರಿಗೆ 3ರಿಂದ 5 ಗ್ರಾಂ ಜೆಲಟಿನ್ನನ್ನು ಬಿಸಿನೀರಿನಲ್ಲಿ ಕರಗಿಸಿ ಬೆರೆಸಿದರೆ, ತೇಲುವುದೆಲ್ಲ ಗಷ್ಟಾಗಿ ತಳ ಸೇರುತ್ತದೆ. ನೀರು 70 ಡಿಗ್ರಿ ದಾಟಬಾರದು, ಕುದಿಸಿದರೆ ಜೆಲಟಿನ್ನಿನ ಹಿಡಿತ ಹೋಗುತ್ತದೆ. ಜೆಲಟಿನ್ ಪ್ರಾಣಿಜನ್ಯ; ಸಸ್ಯಾಹಾರಿಗಳಿಗೆ ಕೊಡುವ ಬಿಯರಾದರೆ ಅದರ ಬದಲು ಪಿವಿಪಿಪಿ ಎಂಬ ಪುಡಿ ಬಳಸಬೇಕು. ಅದು ಪಾಲಿಫಿನಾಲ್‌ಗಳನ್ನು ಹಿಡಿದೆಳೆಯುತ್ತದೆ. ಇವು ಒಗರನ್ನು ತೆಗೆದಷ್ಟು ಚೆನ್ನಾಗಿ ಕಹಿಯನ್ನು ತೆಗೆಯಲಾರವು. ಕಹಿ ಬಿಯರಿನಲ್ಲಿ ಕರಗಿಹೋಗಿದೆ, ಸೋಸಿ ಬೇರ್ಪಡಿಸುವ ಉಪಾಯ ಮನೆಯಲ್ಲಿಲ್ಲ. ಇದ್ದಿಲಿನ ಪುಡಿ ಹಾಕಿದರೆ ಕಹಿ ಹೋಗುತ್ತದೆ ಎಂದು ಕೆಲವರು ಪ್ರಯತ್ನಿಸುತ್ತಾರೆ. ಅದು ಕಹಿಯ ಜೊತೆಗೆ ಬಣ್ಣ, ಪರಿಮಳ, ಮಾಲ್ಟಿನ ರುಚಿ ಎಲ್ಲವನ್ನೂ ಹೀರಿ, ನೀರಸವಾದ ದ್ರವವನ್ನು ಉಳಿಸುತ್ತದೆ.

ಕರಗಿದ ಕಹಿಗೆ ಎಲ್ಲಕ್ಕಿಂತ ಖಾತ್ರಿಯಾದ ದಾರಿ ಬೆರೆಕೆ. 80 ಐಬಿಯು ಇರುವ 20 ಲೀಟರಿಗೆ 20 ಐಬಿಯು ಇರುವ ಇನ್ನೊಂದು 20 ಲೀಟರ್ ಬೆರೆಸಿದರೆ 40 ಲೀಟರಿಗೂ 50 ಐಬಿಯು. ಊಹೆಯಿಲ್ಲ, ರಾಸಾಯನಿಕ ಇಲ್ಲ. ದೊಡ್ಡ ಬ್ರೂವರಿಗಳು ಒಂದೊಂದು ಕುದಿಯಲ್ಲಿ ಆಗುವ ಹೆಚ್ಚುಕಡಿಮೆಯನ್ನು ಸಮ ಮಾಡುವುದೂ ಬೆರೆಕೆಯಿಂದಲೇ. ಮನೆಯಲ್ಲಿ ಇದನ್ನು ಮಾಡುವಾಗ ಮೊದಲು ಲೋಟದಲ್ಲಿ ಪರೀಕ್ಷಿಸಬೇಕು: ನೂರು ಮಿಲಿ ಕಹಿ ಬಿಯರನ್ನು ನಾಲ್ಕು ಲೋಟಕ್ಕೆ ಅಳೆದು ಹಾಕಿ, ಒಂದನ್ನು ಹಾಗೇ ಬಿಟ್ಟು, ಉಳಿದವಕ್ಕೆ ಕ್ರಮವಾಗಿ 25, 50, 100 ಮಿಲಿ ಕಹಿ ಕಡಿಮೆಯ ಬಿಯರ್ ಸೇರಿಸಿ, ಬೇರೊಬ್ಬರ ಕೈಯಲ್ಲಿ ಲೋಟಗಳ ಜಾಗ ಅದಲುಬದಲು ಮಾಡಿಸಿ ರುಚಿ ನೋಡಬೇಕು. ನಾಲಿಗೆ ಕಹಿಗೆ ಬೇಗ ಸೋಲುತ್ತದೆ. ಮೂರು ಗುಟುಕಿನ ನಂತರ ವ್ಯತ್ಯಾಸ ಮಸುಕಾಗುತ್ತದೆ, ನಡುವೆ ನೀರು ಕುಡಿದು ಸ್ವಲ್ಪ ಹೊತ್ತು ಬಿಡಬೇಕು. ಸುಮಾರು 5 ಐಬಿಯುಗಿಂತ ಕಡಿಮೆ ವ್ಯತ್ಯಾಸವನ್ನು ಹೆಚ್ಚಿನವರು ಗುರುತಿಸಲಾರರು. ಬೆರೆಸುವುದಕ್ಕೆಂದೇ ಹಾಪ್ಸ್ ಬಹಳ ಕಡಿಮೆ ಹಾಕಿ ಇನ್ನೊಂದು ಬಿಯರ್ ಮಾಡುವುದು ತೊಂದರೆಯ ಕೆಲಸವೆನಿಸಿದರೂ, ಇದ್ದದ್ದನ್ನೆಲ್ಲ ಚೆಲ್ಲುವುದಕ್ಕಿಂತ ಮೇಲು. ಸುರಿಯುವಾಗ ಗಾಳಿ ಸೇರಿದರೆ ಬಿಯರ್ ಮುಗ್ಗುವುದರಿಂದ, ಕೊಳವೆಯ ತುದಿಯನ್ನು ಪಾತ್ರೆಯ ತಳಕ್ಕೆ ತಾಗಿಸಿ ಸದ್ದಿಲ್ಲದೆ ಇಳಿಸಬೇಕು. ನೀರು ಬೆರೆಸಿಯೂ ಕಹಿ ತಗ್ಗಿಸಬಹುದು, ಕುದಿಸಿ ಗಾಳಿ ಹೋಗಿಸಿ ಆರಿಸಿದ ನೀರಾದರೆ. ಮದ್ಯಾಂಶವೂ ಮಾಲ್ಟಿನ ಮೈಯೂ ಅಷ್ಟೇ ಪ್ರಮಾಣದಲ್ಲಿ ತೆಳುವಾಗುತ್ತವೆ, ಹಾಗಾಗಿ ಶೇಕಡಾ ಹತ್ತರ ಮೇಲೆ ನೀರು ಹೋಗದಿದ್ದರೆ ಚೆನ್ನ.

ಸಿಹಿ ಸೇರಿಸಿ ಕಹಿಯನ್ನು ಮರೆಸುವುದು ಇನ್ನೊಂದು ದಾರಿ. ಇಲ್ಲಿ ಅಪಾಯವೊಂದಿದೆ. ಸಕ್ಕರೆಯಾಗಲಿ ಬೆಲ್ಲವಾಗಲಿ ಜೇನಾಗಲಿ, ಯೀಸ್ಟ್ ಬದುಕಿರುವ ಬಿಯರಿನಲ್ಲಿ ಸಿಹಿಯಾಗಿ ಉಳಿಯುವುದಿಲ್ಲ. ಯೀಸ್ಟ್ ಅದನ್ನು ತಿಂದು ಅನಿಲ ಮಾಡುತ್ತದೆ. ಮುಚ್ಚಿದ ಬಾಟಲಿಯಲ್ಲಾದರೆ ಒತ್ತಡ ಏರಿ ಗಾಜು ಸಿಡಿದು ಕೈಗೆ ಕಣ್ಣಿಗೆ ಗಾಯವಾಗುತ್ತದೆ. ಕೆ.ಆರ್. ನಗರದ ಆಲೆಮನೆಯ ಬೆಲ್ಲ ಎಷ್ಟೇ ಘಮಘಮಿಸಿದರೂ ಬಾಟಲಿ ತುಂಬುವ ಹೊತ್ತಿನಲ್ಲಿ ಅದರ ಕಡೆ ಕೈ ಹೋಗಬಾರದು. ಬಿಯರ್ ಯೀಸ್ಟ್ ತಿನ್ನಲಾರದ ಸಿಹಿಯೆಂದರೆ ಹಾಲಿನ ಸಕ್ಕರೆ, ಅಂದರೆ ಲ್ಯಾಕ್ಟೋಸ್. ಸಾಮಾನ್ಯ ಸಕ್ಕರೆಯ ಐದಾರರಲ್ಲಿ ಒಂದು ಪಾಲಿನಷ್ಟೇ ಸಿಹಿ ಅದಕ್ಕೆ. 20 ಲೀಟರಿಗೆ 200 ಗ್ರಾಮಿನಿಂದ ಆರಂಭಿಸಿ, ನೀರಿನಲ್ಲಿ ಕುದಿಸಿ ಆರಿಸಿ ಸೇರಿಸಬಹುದು. ಹಾಲು ಜೀರ್ಣವಾಗದವರು ದಕ್ಷಿಣ ಭಾರತದಲ್ಲಿ ಬಹಳ ಮಂದಿ. ಅಂಥ ಬಿಯರನ್ನು ಕೊಡುವ ಮುನ್ನ ಲ್ಯಾಕ್ಟೋಸ್ ಇದೆ ಎಂದು ಹೇಳುವುದು ಕರ್ತವ್ಯ.

ಉಪ್ಪಿನ ಪಾತ್ರವನ್ನು ಬಿಯರ್ ಮಾಡುವವರು ಕಡೆಗಣಿಸುವುದೇ ಹೆಚ್ಚು. ಮೈಸೂರು ಕಡೆಯ ಅಡುಗೆಮನೆಯಲ್ಲಿ ಹಾಗಲಕಾಯಿಗೆ ಉಪ್ಪು ಸವರಿ, ಬಿಟ್ಟ ರಸವನ್ನು ಹಿಂಡಿ ತೆಗೆದು, ಹುಣಸೆ ಬೆಲ್ಲ ಹಾಕಿ ಗೊಜ್ಜು ಮಾಡುತ್ತಾರೆ. ಇಲ್ಲಿ ಉಪ್ಪು ಎರಡು ಕೆಲಸ ಮಾಡುತ್ತದೆ: ಕಹಿರಸವನ್ನು ಹೊರಗೆಳೆಯುತ್ತದೆ, ಉಳಿದ ಕಹಿಯನ್ನು ನಾಲಿಗೆಯಲ್ಲೇ ತಡೆಯುತ್ತದೆ. ಬಿಯರನ್ನು ಹಿಂಡಲು ಬಾರದು, ಆದರೆ ಎರಡನೆಯ ಕೆಲಸ ಅಲ್ಲೂ ನಡೆಯುತ್ತದೆ. ಸೋಡಿಯಂ ಕಹಿಯ ಅರಿವನ್ನು ತಗ್ಗಿಸಿ, ಅದರಡಿ ಮರೆಯಾಗಿದ್ದ ಸಿಹಿಯನ್ನು ಮೇಲೆ ತರುತ್ತದೆ ಎಂಬುದನ್ನು ಪಾಲ್ ಬ್ರೆಸ್ಲಿನ್ ಮತ್ತು ಗ್ಯಾರಿ ಬೋಷಾಂಪ್ 1997ರಲ್ಲಿ ನೇಚರ್ ಪತ್ರಿಕೆಯಲ್ಲಿ ತೋರಿಸಿದರು. 20 ಲೀಟರಿಗೆ 2 ಗ್ರಾಂ ಉಪ್ಪು ಹಾಕಿದರೆ ಲೀಟರಿಗೆ ಸುಮಾರು 40 ಮಿಲಿಗ್ರಾಂ ಸೋಡಿಯಂ ಸೇರುತ್ತದೆ. ಉಪ್ಪೆಂದು ನಾಲಿಗೆಗೆ ತಿಳಿಯದು, ಕಹಿಯ ಮೊನೆ ಮಾತ್ರ ಮೊಂಡಾಗುತ್ತದೆ. ಹರಳುಪ್ಪನ್ನು ನೇರವಾಗಿ ಹಾಕಿದರೆ ಬಿಯರ್ ನೊರೆಯುಕ್ಕಿ ಚೆಲ್ಲುವುದರಿಂದ, ಕುದಿಸಿ ಆರಿಸಿದ ಸ್ವಲ್ಪ ನೀರಿನಲ್ಲಿ ಕರಗಿಸಿಕೊಂಡು ಒಂದು ಲೋಟಕ್ಕೆ ಹನಿಹನಿಯಾಗಿ ಬಿಟ್ಟು ರುಚಿ ನೋಡಬೇಕು. ಸಲ್ಫೇಟ್ ಮೊದಲೇ ಹೆಚ್ಚಿರುವ ನೀರಿನಿಂದ ಮಾಡಿದ ಬಿಯರಿಗೆ ಉಪ್ಪು ಹಾಕಿದರೆ ಒರಟುತನ ಇಮ್ಮಡಿಯಾಗುತ್ತದೆ, ಅಲ್ಲಿ ಬೇಡ.

ಬಿಯರನ್ನು ಮುಟ್ಟದೆ, ಬಡಿಸುವ ರೀತಿಯಿಂದಲೇ ಕಹಿಯನ್ನು ಸ್ವಲ್ಪ ತಗ್ಗಿಸಬಹುದು. ಅನಿಲ ಹೆಚ್ಚಿದಷ್ಟೂ ಕಾರ್ಬಾನಿಕ್ ಆಮ್ಲದ ಚುಚ್ಚು ಕಹಿಯ ಜೊತೆ ಸೇರುತ್ತದೆ, ಆದ್ದರಿಂದ ಇಂಥ ಬಿಯರಿಗೆ ಅನಿಲ ಕಡಿಮೆಯೇ ಇರಲಿ. ಮಂಜುಗಡ್ಡೆಯಷ್ಟು ತಣ್ಣಗೆ ಕೊಟ್ಟರೆ ಮಾಲ್ಟಿನ ಸಿಹಿ ನಾಲಿಗೆಗೆ ತಿಳಿಯದೆ ಕಹಿ ಬೆತ್ತಲಾಗಿ ನಿಲ್ಲುತ್ತದೆ. 8ರಿಂದ 10 ಡಿಗ್ರಿಯಲ್ಲಿ ಎರಡಕ್ಕೂ ಸಮಜೋಡಿ. ಬಾಟಲಿಯಲ್ಲೇ ಹುದುಗಿದ ಬಿಯರಾದರೆ ತಳದ ಗಷ್ಟನ್ನು ಕಲಕದೆ, ಕೊನೆಯ ಗುಟುಕನ್ನು ಬಾಟಲಿಯಲ್ಲೇ ಬಿಡಬೇಕು. ಜೊತೆಗೆ ತಿನ್ನಲು ಉಪ್ಪು ಹಾಕಿ ಹುರಿದ ಕಡಲೆಕಾಯಿ, ಗೋಡಂಬಿ, ಬೆಣ್ಣೆ ಮುರುಕು ಒಪ್ಪುತ್ತವೆ, ಉಪ್ಪು ಮತ್ತು ಜಿಡ್ಡು ಎರಡೂ ಕಹಿಯನ್ನು ಹಿಡಿದಿಡುತ್ತವೆ. ಮೆಣಸಿನಕಾಯಿಯ ಖಾರವನ್ನು ಹಾಪ್ಸ್ ಮೀರಿದ ಬಿಯರ್ ಇನ್ನಷ್ಟು ಕೆರಳಿಸುವುದರಿಂದ ಖಾರದ ಕೋಳಿ ಫ್ರೈ ಅದಕ್ಕೆ ತಕ್ಕ ಜೊತೆಯಲ್ಲ. ನಿಂಬೆ ಪಾನಕದೊಂದಿಗೆ ಸಮಪಾಲು ಬೆರೆಸಿ ಕುಡಿಯುವ ಶ್ಯಾಂಡಿ ಕೂಡ ಹಳೆಯ, ಗೌರವದ ಪದ್ಧತಿಯೇ.

ಮುಂದಿನ ಸಲ ಡ್ರೈ ಹಾಪಿಂಗ್‌ನಲ್ಲಿ ಕೈ ಬಿಗಿ ಹಿಡಿಯುವುದು ಅಗತ್ಯ. ಹೆಚ್ಚು ಹಾಕಿದಷ್ಟೂ ಹೆಚ್ಚು ಘಮ ಎಂಬುದು ಒಂದು ಮಿತಿಯವರೆಗೆ ಮಾತ್ರ ನಿಜ. ಅಮೆರಿಕದ ಆರೆಗನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಸ್ಕಾಟ್ ಲಾಫಾಂಟೇನ್ ಮತ್ತು ಥಾಮಸ್ ಶೆಲ್‌ಹ್ಯಾಮರ್ ಕ್ಯಾಸ್ಕೇಡ್ ತಳಿಯನ್ನು ಬೇರೆ ಬೇರೆ ಪ್ರಮಾಣದಲ್ಲಿ ಹಾಕಿ ಪರೀಕ್ಷಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಲೀಟರಿಗೆ 8 ಗ್ರಾಂ ದಾಟಿದ ಮೇಲೆ ಘಮ ಅಷ್ಟೇನೂ ಏರುವುದಿಲ್ಲ, ನಿಂಬೆ ಕಿತ್ತಳೆಯ ಛಾಯೆಗಿಂತ ಸೊಪ್ಪು ಚಹಾದ ಛಾಯೆ ಮುಂದೆ ಬರುತ್ತದೆ. ಲೀಟರಿಗೆ 4ರಿಂದ 8 ಗ್ರಾಂ ಸಾಕು ಎಂಬುದು ಅವರ ಶಿಫಾರಸು. 20 ಲೀಟರಿಗೆ 80ರಿಂದ 160 ಗ್ರಾಂ. ಡ್ರೈ ಹಾಪಿಂಗ್ ಕಹಿ ಕೊಡುವುದಿಲ್ಲ ಎಂಬ ಮಾತೂ ಪೂರ್ತಿ ಸರಿಯಲ್ಲ: ಆಲ್ಫಾ ಆಮ್ಲ ಗಾಳಿಗೆ ಒಡ್ಡಿಕೊಂಡು ಆಗುವ ಹ್ಯೂಮ್ಯುಲಿನೋನ್‌ಗಳು ತಣ್ಣನೆಯ ಬಿಯರಿನಲ್ಲೂ ಕರಗುತ್ತವೆ, ಅವುಗಳ ಕಹಿ ಐಸೋ ಆಲ್ಫಾದ ಮೂರರಲ್ಲಿ ಎರಡು ಪಾಲಿನಷ್ಟು. ಎರಡು ಮೂರು ದಿನದ ನೆನೆ ಸಾಕು. ವಾರಗಟ್ಟಲೆ ಬಿಟ್ಟರೆ ಹಸಿ ವಾಸನೆಯ ಜೊತೆ ಇನ್ನೊಂದು ಕಾಟವೂ ಸೇರುತ್ತದೆ. ಹಾಪ್ಸ್‌ನಲ್ಲಿರುವ ಕಿಣ್ವಗಳು ಬಿಯರಿನಲ್ಲಿ ಉಳಿದ ಪಿಷ್ಟದ ತುಣುಕುಗಳನ್ನು ಸಕ್ಕರೆಯಾಗಿ ಒಡೆದು ಯೀಸ್ಟನ್ನು ಮತ್ತೆ ಎಬ್ಬಿಸುತ್ತವೆ. ಬಿಯರ್ ಇನ್ನಷ್ಟು ಒಣಗುತ್ತದೆ, ಇದ್ದ ಸಿಹಿಯೂ ಹೋಗಿ ಕಹಿ ಇನ್ನೂ ಎದ್ದು ಕಾಣುತ್ತದೆ. ಬ್ರಿಟನ್ನಿನ ಹೊರೇಸ್ ಬ್ರೌನ್ ಮತ್ತು ಹ್ಯಾರಿಸ್ ಮಾರಿಸ್ 1893ರಲ್ಲೇ ಇದನ್ನು ಗುರುತಿಸಿದ್ದರು. ಸೆಕೆಯಲ್ಲಿ ಈ ಕಿಣ್ವಗಳು ಚುರುಕಾಗುವುದರಿಂದ ಡ್ರೈ ಹಾಪಿಂಗನ್ನು 15 ಡಿಗ್ರಿಯೊಳಗೆ ಮಾಡುವುದು ಲೇಸು.

ಉಳಿದ ಪೆಲೆಟ್ಟನ್ನು ಗಾಳಿಯಾಡದಂತೆ ಮುಚ್ಚಿ ಫ್ರೀಜರಿನಲ್ಲಿಡಬೇಕು. ಹೊರಗೆ ಬಿಟ್ಟರೆ ಕೆಲವೇ ತಿಂಗಳಲ್ಲಿ ಆಲ್ಫಾ ಇಳಿದು ಪೊಟ್ಟಣದ ಮೇಲಿನ ಸಂಖ್ಯೆ ಸುಳ್ಳಾಗುತ್ತದೆ, ಹಾಪ್ಸ್ ಸಾಲದೆಂದು ಮರುಸಲ ಹೆಚ್ಚು ಸುರಿದು ಒಗರು ಬರಿಸಿಕೊಳ್ಳುವುದು ಅಲ್ಲಿಂದಲೇ ಶುರು. ಬಸಿದ ಮೇಲೆ ಉಳಿಯುವ ಬಾರ್ಲಿ ಹಿಂಡಿಯನ್ನು ದನಗಳಿಗೆ ಹಾಕುವುದು ಒಳ್ಳೆಯ ರೂಢಿ. ಅದರ ಜೊತೆ ಕುದಿದ ಹಾಪ್ಸ್ ಚರಟವನ್ನು ಬೆರೆಸಬಾರದು. ಗೊಬ್ಬರದ ಗುಂಡಿಗೆ ಹಾಕಿ ಮಣ್ಣು ಮುಚ್ಚಬೇಕು. ಮನೆಯಲ್ಲಿ ನಾಯಿ ಇದ್ದರಂತೂ ಈ ಎಚ್ಚರ ತಪ್ಪುವಂತಿಲ್ಲ: ಹಸಿ ಹಾಪ್ಸಾಗಲಿ ಕುದಿದ ಚರಟವಾಗಲಿ ತಿಂದ ನಾಯಿಯ ಮೈಬಿಸಿ ಹತೋಟಿ ತಪ್ಪಿ ಏರುತ್ತದೆ, ಕೆಲವೇ ಗಂಟೆಗಳಲ್ಲಿ ಪ್ರಾಣಕ್ಕೆ ಸಂಚಕಾರ ಬರುತ್ತದೆ. ತಿಂದದ್ದು ಗೊತ್ತಾದ ತಕ್ಷಣ, ಏದುಸಿರು ಶುರುವಾಗುವವರೆಗೆ ಕಾಯದೆ, ಪಶುವೈದ್ಯರ ಬಳಿಗೆ ಕರೆದೊಯ್ಯಬೇಕು.